ಮೊರಾಗ್ ಮಾತಿಗೆ ಹಾಕಿದ ಕತ್ತರಿ

ನಮ್ಮ ನೈರೋಬಿ ಕನ್ನಡ ಬಳಗದ ಮೂವರು ಮಕ್ಕಳು ಈಗ ರೇಡಿಯೊ, ಪಾಡ್‌ಕಾಸ್ಟ್ ಎಂದು ಹೊರಟಿದ್ದಾರೆ. ಸಿಕ್ಕಾಗಲೆಲ್ಲ ಯಾವ ಮೈಕ್ ತಗೊಳ್ಳಲಿ ಅಂಕಲ್, ಎಡಿಟಿಂಗಿಗೆ ಯಾವ ಸಾಫ್ಟ್‌ವೇರ್ ಬೆಸ್ಟು ಅಂಕಲ್ ಎಂದು ಕೇಳುತ್ತಾರೆ. ಮೈಕು ಯಾವುದಾದರೂ ಆಗಲಿ, ಅದರ ಮುಂದೆ ಕೂತವರ ಮುಖ ನೋಡುವುದನ್ನು ಮೊದಲು ಕಲಿಯಿರಿ ಎಂದರೆ, ಪಾಪ ಮುದುಕ ಎಂಬಂತೆ ನಕ್ಕು ಫೋನಿಗೆ ತಲೆ ಬಗ್ಗಿಸುತ್ತಾರೆ. ಅದಕ್ಕೇ ಬರೆಯಲು ಕೂತೆ. ಮೂವರಲ್ಲಿ ಇಬ್ಬರಿಗೆ ಕನ್ನಡ ಓದಲು ಬರುವುದಿಲ್ಲ. ಅಮ್ಮಂದಿರು ಓದಿ ಹೇಳಲಿ.

ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ಇಂಗ್ಲಿಷ್ ಕಂಡರೆ ನನಗೆ ಕತ್ತರಿಸಿ, ಜೋಡಿಸಿ, ನುಣುಪು ಮಾಡುವ ಚಟ. ಕೆಲಸದ ಉದ್ದಕ್ಕೂ ನನ್ನ ಕೈ ಅದನ್ನೇ ಮಾಡಿದೆ. ಆ ಚಟದಿಂದ, ನಾನು ತುಂಬಾ ಪ್ರೀತಿಸಿದ ಒಬ್ಬರಿಗೆ ದೊಡ್ಡ ಅನ್ಯಾಯವಾಯಿತು. ಈ ವೃತ್ತಿಯಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಅದೆಲ್ಲ ಆ ಒಬ್ಬರಿಂದಲೇ. ನಾನು ಕೆಡಿಸಿದ್ದೂ ಅವರದ್ದನ್ನೇ.

ನಾನು ಶ್ರೀಧರ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಟ್ರಾನ್ಸ್‌ಮಿಟರ್ ರಿಪೇರಿಗೆಂದು ಎರಡು ವರ್ಷದ ಮಟ್ಟಿಗೆ ಈ ಊರಿಗೆ ಬಂದವನು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಆಮೇಲೆ ಅಪ್ಪರ್ ಹಿಲ್‌ನ ಒಂದು ಕಟ್ಟಡದ ಆರನೇ ಮಹಡಿಯಲ್ಲಿದ್ದ ಖಾಸಗಿ ರೇಡಿಯೊ ಕೇಂದ್ರ ಸೇರಿದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗ್ಯಾಕೆ. ಕೊನೆಯ ಹದಿನಾಲ್ಕು ವರ್ಷ ಬೆಳಗಿನ ಹಾಸ್ಯ ಕಾರ್ಯಕ್ರಮದ ನಿರ್ಮಾಪಕನಾಗಿದ್ದೆ ಎಂದರೆ ಸಾಕು. ಆ ಕಾರ್ಯಕ್ರಮ ಎಂದರೆ ಮೊರಾಗ್, ಮೊರಾಗ್ ಎಂದರೆ ಆ ಕಾರ್ಯಕ್ರಮ.

ಮೊರಾಗ್ ಸ್ಕಾಟ್ಲೆಂಡಿನ ಡಂಡೀ ಊರಿನವರು. ಅಲ್ಲಿಯ ಕ್ಲಬ್ಬುಗಳಲ್ಲಿ ಕುಡಿದು ಕೂತ ಗಂಡಸರ ಮುಂದೆ ಒಬ್ಬರೇ ನಿಂತು, ಅವರನ್ನು ನಗಿಸಿ ಹೊಟ್ಟೆ ಹೊರೆದವರು. ನೈರೋಬಿಯ ಹೋಟೆಲೊಂದಕ್ಕೆ ಎರಡು ದಿನದ ಪ್ರದರ್ಶನಕ್ಕೆಂದು ಬಂದರು, ಮೂರನೆಯ ದಿನ ವಾಪಸು ಹೋಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಇಲ್ಲಿಯ ಜನ ಕುಡಿಯದೆಯೂ ನಕ್ಕರು" ಎನ್ನುತ್ತಿದ್ದರು. ಅವರು ಆಡುತ್ತಿದ್ದದ್ದು ಇಂಗ್ಲಿಷು, ಅದೂ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂತೆ. ಇಲ್ಲಿ ನಾನು ಅವರ ಬಾಯಲ್ಲಿ ಕನ್ನಡ ಆಡಿಸುತ್ತಿದ್ದೇನೆ. ಅಷ್ಟು ಕತ್ತರಿ ಕೆಲಸಕ್ಕೆ ಮಾಫಿ ಇರಲಿ.

ಎತ್ತರದ ಹೆಂಗಸು, ಬಿಸಿಲಿಗೆ ಸದಾ ಕೆಂಪಾದ ಮೂಗು. ಊರಿಗೆಲ್ಲ ಮಾಮಾ ಮೊರಾಗ್; ಮಾಮಾ ಎಂದರೆ ಇಲ್ಲಿ ಅಮ್ಮ. "ನಮ್ಮೂರಿನಲ್ಲಿ ಬಸ್ಸು ಹೊರಡುವ ಸಮಯ ಇರುತ್ತದೆ, ಬಸ್ಸು ಇರುವುದಿಲ್ಲ. ನೈರೋಬಿಯಲ್ಲಿ ಮಟಾಟು ಇರುತ್ತದೆ, ಹೊರಡುವ ಸಮಯ ಇರುವುದಿಲ್ಲ" ಎಂಬ ಅವರ ಮಾತನ್ನು ಮಟಾಟು ಎಂಬ ಇಲ್ಲಿಯ ಬಾಡಿಗೆ ವ್ಯಾನುಗಳ ಕಂಡಕ್ಟರುಗಳೇ ಪ್ರಯಾಣಿಕರಿಗೆ ಹೇಳಿ ನಗಿಸುತ್ತಿದ್ದರು. ಇಷ್ಟೆಲ್ಲ ಇದ್ದರೂ, ದಿನಾ ಬೆಳಿಗ್ಗೆ ನೇರಪ್ರಸಾರದ ಕೆಂಪು ದೀಪ ಹತ್ತುವ ಐದು ನಿಮಿಷ ಮುಂಚೆ ಅವರ ಕೈ ನಡುಗುತ್ತಿತ್ತು. ಸ್ಟುಡಿಯೊದಲ್ಲಿ ಕೂತ ಅಷ್ಟೂ ವರ್ಷ ನಡುಗಿತು. ನಗಿಸುವವರಿಗೆ ಹೆದರಿಕೆ ಇರುವುದಿಲ್ಲ ಎಂದು ಯಾರೂ ತಿಳಿಯಬೇಡಿ.

ಮೊದಲು ನನ್ನ ಮೊದಲನೆಯ ಪೆದ್ದುತನ ಹೇಳುತ್ತೇನೆ. ಕಾರ್ಯಕ್ರಮ ಶುರುವಾಗುವ ಮುಂಚೆ ಒಂದು ಮಾದರಿ ಕಂತು ಧ್ವನಿಮುದ್ರಿಸಿಕೊಂಡೆವು. ನಾನು ಎಂಜಿನಿಯರು. ರೇಡಿಯೊದಲ್ಲಿ ಮೌನ ಎಂದರೆ ಎಲ್ಲೋ ವೈರು ಕಿತ್ತುಬಂದಿದೆ ಎಂದು ಕಲಿತವನು. ಎರಡು ದಿನ ಕೂತು ಆ ಅರ್ಧ ಗಂಟೆಯಲ್ಲಿ ಮೊರಾಗ್ ಎಲ್ಲೆಲ್ಲಿ ಸುಮ್ಮನಾಗಿದ್ದರೋ ಅದನ್ನೆಲ್ಲ ಕತ್ತರಿಸಿ ಬಿಸಾಕಿದೆ. ಅರ್ಧ ಗಂಟೆ ಇಪ್ಪತ್ತೆರಡು ನಿಮಿಷವಾಯಿತು. ಜಂಬದಿಂದ ಅವರಿಗೆ ಕೇಳಿಸಿದೆ.

ಅದರಲ್ಲಿ ಅವರ ಅಮ್ಮನ ಕತೆಯೊಂದಿತ್ತು. "ನಾನು ಜನರನ್ನು ನಗಿಸುವ ಕೆಲಸಕ್ಕೆ ಸೇರುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಹೊಲಿಯುತ್ತಿದ್ದ ಬಟ್ಟೆ ಕೆಳಗಿಟ್ಟಳು. ಕನ್ನಡಕ ತೆಗೆದಳು. ನನ್ನನ್ನೇ ನೋಡಿದಳು. ಆಮೇಲೆ ಕೇಳಿದಳು, ಯಾರನ್ನು?" ಅಮ್ಮ ನೋಡುವಾಗ ಮೊರಾಗ್ ನಾಲ್ಕು ಸೆಕೆಂಡು ಸುಮ್ಮನಿರುತ್ತಿದ್ದರು. ನಾನು ಆ ನಾಲ್ಕು ಸೆಕೆಂಡನ್ನೂ ತಿಂದುಹಾಕಿದ್ದೆ.

ಕೇಳಿ ಮುಗಿಸಿ ಮೊರಾಗ್, "ಯಾರಪ್ಪ ಈ ಹೆಂಗಸು? ಯಾಕೆ ಹೀಗೆ ಓಡುತ್ತಿದ್ದಾಳೆ, ಹಿಂದೆ ನಾಯಿ ಬಿದ್ದಿದೆಯಾ?" ಎಂದರು. ನನ್ನ ಮುಖ ಹುಳ್ಳಗಾಯಿತು. ಅವರು ಬೈಯಲಿಲ್ಲ. ಮಾರನೆಯ ದಿನ ನನ್ನನ್ನು ಎಳೆದುಕೊಂಡು ಅಪ್ಪರ್ ಹಿಲ್‌ನಿಂದ ಪೇಟೆಗೆ ಹೋಗುವ ಮಟಾಟು ಹತ್ತಿದರು. ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ಡ್ರೈವರಿಗೆ ನನ್ನ ಕೈಯಿಂದ ಸಿಡಿ ಕೊಡಿಸಿದರು. ಮೊದಲು ನಾನು ಕತ್ತರಿಸಿದ್ದು. ಒಬ್ಬರೂ ನಗಲಿಲ್ಲ. ಆಮೇಲೆ ಅವರ ಮೂಲದ್ದು. ಅಮ್ಮ ಸುಮ್ಮನೆ ನೋಡುತ್ತಿರುವ ಹೊತ್ತಿಗೇ ಮುಂದಿನ ಸೀಟಿನ ದಪ್ಪ ಹೆಂಗಸು ಹೊಟ್ಟೆ ಹಿಡಿದುಕೊಂಡಾಗಿತ್ತು.

"ನೋಡಿದೆಯಾ? ನಾನು ಸುಮ್ಮನಿದ್ದಾಗ ಕೆಲಸ ಮಾಡುತ್ತಿರುವುದು ಅವಳು" ಎಂದು ಮೊರಾಗ್ ನನ್ನ ಕಿವಿಯಲ್ಲಿ ಹೇಳಿದರು.

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ತಿಂಗಳಿಗೊಮ್ಮೆ ಇಬ್ಬರೂ ಮಟಾಟು ಹತ್ತುವುದು, ನಮ್ಮ ಕಾರ್ಯಕ್ರಮದ ಸಂಜೆಯ ಮರುಪ್ರಸಾರ ಕೇಳುತ್ತಿರುವವರ ಮುಖ ನೋಡುವುದು, ಯಾವ ಮಾತಿಗೆ ನಕ್ಕರು ಎಂದು ಚೀಟಿಯಲ್ಲಿ ಗುರುತು ಹಾಕುವುದು. ಕೇಳುಗರ ಸಮೀಕ್ಷೆ ಎಂದು ಮ್ಯಾನೇಜ್‌ಮೆಂಟಿನವರು ದಪ್ಪ ದಪ್ಪ ವರದಿ ತರಿಸುತ್ತಿದ್ದರು. ನಾನು ಒಂದನ್ನೂ ಓದಲಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿ, ಮೊರಾಗ್ ಅವರ ಒಂದೊಂದು ಮೌನವೂ ನನಗೆ ಗುರುತು ಸಿಗುವಂತಾಯಿತು. ಇದು ಜನ ನಗಲೆಂದು ಬಿಟ್ಟ ಜಾಗ, ಇದು ಉಸಿರಿಗೆ, ಇದು ಸ್ಟುಡಿಯೊ ಗಾಜಿನಾಚೆ ಕೂತ ನನ್ನನ್ನು ಹೆದರಿಸಲು.

ಮೇಲಧಿಕಾರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲನೆಯವರಿಗೆ ಡಬ್ಬಿಯಲ್ಲಿ ತುಂಬಿಟ್ಟ ನಗುವಿನ ಮೇಲೆ ಬಹಳ ಪ್ರೀತಿ. ಪ್ರತಿ ಜೋಕಿನ ಹಿಂದೆ ಗುಂಪು ನಕ್ಕ ಸದ್ದು ಸೇರಿಸಬೇಕೆಂದು ಹಟ ಹಿಡಿದರು. "ಹಾಗಾದರೆ ಆ ಡಬ್ಬಿಗೇ ಸಂಬಳ ಕೊಡಿ" ಎಂದು ಮೊರಾಗ್ ಚೀಲ ಹೆಗಲಿಗೇರಿಸಿದ್ದರಿಂದ ಆ ಮಾತು ಅಲ್ಲಿಗೆ ನಿಂತಿತು. ಆಮೇಲೆ ಬಂದವರು ವಂಬುಯಿ. ಮಾತು ಕಡಿಮೆ, ಕಿವಿ ಚುರುಕು, ತಪ್ಪು ಮಾಡಿದವನನ್ನು ನಾಲ್ಕು ಜನರ ಮುಂದೆ ಬೈಯದ ಹೆಂಗಸು. ಅಂಥವರು ಸಿಕ್ಕರೆ ಕೆಲಸ ಬಿಡಬೇಡಿ.

ಮರೆಯಲಾಗದ ಪ್ರಸಂಗ ಎಂದರೆ ಕಾವಲುಗಾರನದ್ದು. ಒಂದು ಬೆಳಿಗ್ಗೆ ಮೊರಾಗ್, ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರ ಗೇಟಿನಲ್ಲಿ ಅಸ್ಕಾರಿ, ಅಂದರೆ ಕಾವಲುಗಾರ, ಎಷ್ಟು ಗಾಢವಾಗಿ ಮಲಗಿದ್ದನೆಂದರೆ, ತಾವೇ ಗೇಟು ತೆಗೆದು, ಅವನ ಪುಸ್ತಕದಲ್ಲಿ ತಾವೇ ಹೆಸರು ಬರೆದು, ತಮ್ಮನ್ನು ತಾವೇ ತಪಾಸಣೆ ಮಾಡಿಕೊಂಡು ಒಳಗೆ ಹೋದದ್ದಾಗಿ ಹೇಳಿದರು. ಊರು ಬಿದ್ದು ಬಿದ್ದು ನಕ್ಕಿತು. ಗೇಟಿನ ಬಣ್ಣ ಹಸಿರು, ಪಕ್ಕದಲ್ಲಿ ಟೈರಿನ ಗುಡ್ಡ ಎಂದೂ ಹೇಳಿಬಿಟ್ಟಿದ್ದರು. ಎರಡು ದಿನಕ್ಕೆ ಆ ಕಾವಲುಗಾರನ ಹೆಂಡತಿಯಿಂದ ಫೋನು. ಕೆಲಸದಿಂದ ತೆಗೆದಿದ್ದಾರೆ, ಮನೆಯಲ್ಲಿ ನಾಲ್ಕು ಮಕ್ಕಳು.

ಮೊರಾಗ್ ಮುಖ ಸುಣ್ಣದಂತಾಯಿತು. ಆ ಮನುಷ್ಯ ಮಲಗಿರಲೇ ಇಲ್ಲ, ಆಕಳಿಸಿದ್ದನಷ್ಟೆ. ಮಿಕ್ಕದ್ದೆಲ್ಲ ಇವರು ಹೆಣೆದದ್ದು. ಆವತ್ತೇ ಇಬ್ಬರೂ ಹೊರಟೆವು. ಲಾರಿಗಳ ನಡುವೆ ಎರಡು ಗಂಟೆ ಸಿಕ್ಕಿಕೊಂಡು ಕಾರ್ಖಾನೆ ತಲುಪಿ, ಮಾಲೀಕರ ಮುಂದೆ ನಿಂತು, "ಅದು ನಾನು ಕಟ್ಟಿದ ಕತೆ, ಅವನ ತಪ್ಪಿಲ್ಲ" ಎಂದರು ಮೊರಾಗ್.

"ರೇಡಿಯೊದಲ್ಲಿ ಬಂತಲ್ಲ ಮೇಡಂ" ಎಂದರು ಮಾಲೀಕರು. ಅವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮಾರನೆಯ ದಿನ ಅದೇ ಹೊತ್ತಿಗೆ, ಅದೇ ಮೈಕಿನಲ್ಲಿ, ಒಂದು ಜೋಕೂ ಸೇರಿಸದೆ ಮೊರಾಗ್ ತಾವು ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡರು. ಆ ವಾರವೇ ಕಾವಲುಗಾರ ಹಸಿರು ಗೇಟಿಗೆ ಮರಳಿದ. ರೇಡಿಯೊದಲ್ಲಿ ಬಂದದ್ದನ್ನು ಜನ ಎಷ್ಟು ನಂಬುತ್ತಾರೆ ಎಂದು ನಾನು ಆವತ್ತೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಇಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ನಾನು ರೇಡಿಯೊ ಸೇರಿದ ಹೊಸತರಲ್ಲಿ ಟೇಪನ್ನು ಬ್ಲೇಡಿನಲ್ಲಿ ಕೊಯ್ದು ಅಂಟಿಸುತ್ತಿದ್ದೆವು. ಒಮ್ಮೆ ಕೊಯ್ದರೆ ಕೊಯ್ದಂತೆಯೇ, ಹತ್ತು ಸಲ ಯೋಚಿಸಬೇಕು. ಕಂಪ್ಯೂಟರು ಬಂದ ಮೇಲೆ ಯೋಚನೆ ನಿಂತುಹೋಯಿತು. ಕತ್ತರಿಸು, ಬೇಡವಾದರೆ ವಾಪಸು ತಾ. ಮೊರಾಗ್ ಅವರ ಹಳೆಯ ಕಂತುಗಳೆಲ್ಲ ಒಂದೂ ಬಿಡದೆ ನನ್ನ ಕಂಪ್ಯೂಟರಿನಲ್ಲಿ ಕೂತವು. ಅವರು ಆಡಿದ ಯಾವ ಮಾತನ್ನು ಹುಡುಕಿದರೂ ನಿಮಿಷದಲ್ಲಿ ಸಿಗುತ್ತಿತ್ತು.

ಕೊರೊನಾ ಬಂದು ಸ್ಟುಡಿಯೊ ಬಾಗಿಲು ಹಾಕಿದಾಗ ಮೊರಾಗ್ ತಮ್ಮ ರಿವರ್‌ಸೈಡ್ ಫ್ಲ್ಯಾಟಿನಲ್ಲೇ ಧ್ವನಿಮುದ್ರಿಸಿ ಕಳಿಸತೊಡಗಿದರು. ಬಾಗಿಲು ತೆರೆದ ಮೇಲೂ, ಮಂಡಿನೋವು, ಟ್ರಾಫಿಕ್ ಜಾಮ್ ಎಂದು ಅದೇ ಏರ್ಪಾಡು ಮುಂದುವರಿಯಿತು. ನಾನು ಬೆಳಿಗ್ಗೆ ಹೋಗಿ ಧ್ವನಿಮುದ್ರಿಸಿಕೊಂಡು ಬರುವುದು, ಎಡಿಟ್ ಮಾಡುವುದು, ಮರುದಿನ ಪ್ರಸಾರ.

ಮೊದಲು ಗಮನಿಸಿದವಳು ನನ್ನ ಹೆಂಡತಿ ವಸುಧಾ. ಅವಳು ಇಲ್ಲಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಬೆಳಿಗ್ಗೆ ದೋಸೆ ಹುಯ್ಯುತ್ತ ನಮ್ಮ ಕಾರ್ಯಕ್ರಮ ಕೇಳುವುದು ಅವಳ ಅಭ್ಯಾಸ.

"ರೀ, ಆ ಮೀನು ಮಾರೋಳ ಕತೆ ಸೋಮವಾರ ಹೇಳಿದ್ರಲ್ಲ ಮೊರಾಗ್ ಅವ್ರು. ಇವತ್ತು ಮತ್ತೆ ಯಾಕೆ ಹೇಳಿದ್ರು?"

"ಬೇರೆ ಥರ ಹೇಳಿದ್ರು ಕಣೇ."

"ಬೇರೆ ಥರ ಏನಿಲ್ಲ. ಅದೇ ಮೀನು, ಅದೇ ಬುಟ್ಟಿ. ಅವ್ರು ಹುಷಾರಾಗಿದಾರೆ ತಾನೆ?"

"ನಿಂಗೆ ದೋಸೆ ಸೀಯ್ತಿದೆ ನೋಡ್ಕೋ" ಎಂದು ಬಾಯಿ ಮುಚ್ಚಿಸಿದೆ. ಆದರೆ ನನಗೂ ಗೊತ್ತಾಗಿತ್ತು. ಕೆಲವು ವಾರಗಳಿಂದ ಮೊರಾಗ್ ಮಾತಿನಲ್ಲಿ ನನಗೆ ಗುರುತಿಲ್ಲದ ಮೌನಗಳು ಬರುತ್ತಿದ್ದವು. ಅವು ನಗುವಿಗೆ ಬಿಟ್ಟ ಜಾಗವಲ್ಲ, ಉಸಿರಿಗೂ ಅಲ್ಲ. "ಒಲೆಯ ಮೇಲೆ ಅದನ್ನು ಇಟ್ಟೆ, ಅದನ್ನು, ನೀರು ಕಾಯಿಸುತ್ತೇವಲ್ಲ, ಅದು" ಎಂದು ಕೆಟಲ್ ಎಂಬ ಮಾತಿಗಾಗಿ ತಡಕಾಡುತ್ತಿದ್ದರು. ಸಿಗದಿದ್ದಾಗ ನಕ್ಕು ಮುಂದೆ ಹೋಗುತ್ತಿದ್ದರು.

ನಾನು ಮಾಡಿದ್ದೇನು? ಮೊದಲು ಆ ತಡಕಾಟವನ್ನು ಕತ್ತರಿಸಿದೆ. ಒಳ್ಳೆಯ ಮೌನ ಉಳಿಸಿ ಕೆಟ್ಟ ಮೌನ ತೆಗೆಯುವುದು ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತಿದ್ದ ವಿದ್ಯೆ. ಅದು ಸಾಲದಾದಾಗ, ಆರು ವರ್ಷದ ಹಿಂದಿನ ಕಂತಿನಿಂದ ಅವರದೇ ದನಿಯ 'ಕೆಟಲ್' ತಂದು ಖಾಲಿ ಜಾಗದಲ್ಲಿ ಕೂರಿಸಿದೆ. ಹೊಲಿಗೆ ಕಾಣಲಿಲ್ಲ. ಆಮೇಲೆ ಒಂದು ಪದ ಹೋಗಿ ಅರ್ಧ ವಾಕ್ಯವಾಯಿತು, ಅರ್ಧ ಹೋಗಿ ಪೂರ್ತಿ ವಾಕ್ಯವಾಯಿತು. ಅರ್ಧ ಗಂಟೆಯ ಕಂತಿಗೆ ದಿನವಿಡೀ ಕೂರುತ್ತಿದ್ದೆ. ಊಟ ನಿದ್ದೆ ಬಿಟ್ಟು ಮಾಡಿದ ಕೆಲಸ ಅದು, ಸುಳ್ಳು ಹೇಳುವುದಿಲ್ಲ, ನನ್ನ ಜೀವಮಾನದ ಅತ್ಯುತ್ತಮ ಕೆಲಸವೂ ಹೌದು. ಮೊರಾಗ್‌ಗೆ ಸಹಾಯ ಮಾಡುತ್ತಿದ್ದೇನೆ, ಅವರ ಮಾನ ಕಾಯುತ್ತಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಭಾನುವಾರ ಮಗಳು ಅನನ್ಯ ನನ್ನ ಹಿಂದೆ ನಿಂತು ಪರದೆ ನೋಡಿದಳು. ಅವಳು ಇಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಏನು ಮಾಡುತ್ತಿದ್ದೇನೆಂದು ವಿವರಿಸಿದೆ. ಕೇಳಿಸಿಕೊಂಡು, "ಡಸ್ ಶೀ ನೋ, ಅಪ್ಪಾ?" ಎಂದಳು ಅಷ್ಟೆ. ನಾನು ಹೆಡ್‌ಫೋನ್ ಹಾಕಿಕೊಂಡೆ.

ಎಂಟು ತಿಂಗಳು ಹೀಗೆ ನಡೆಯಿತು. ಕಾರ್ಯಕ್ರಮ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿದೆ ಎಂದು ಕೇಳುಗರು ಬರೆದರು. ವಂಬುಯಿ ನನ್ನ ಕೊಠಡಿಗೆ ಬಂದು, ಇಲ್ಲಿಯವರು ಹಿರಿಯರನ್ನು ಕರೆಯುವಂತೆ "ಮ್ಜೇ ಶ್ರೀ, ಕೇಂದ್ರದ ವಾರ್ಷಿಕೋತ್ಸವಕ್ಕೆ ಮೊರಾಗ್ ಒಂದೂವರೆ ಗಂಟೆ ವೇದಿಕೆಯ ಮೇಲೆ ನಿಲ್ಲಲಿ. ದೊಡ್ಡ ಸಭಾಂಗಣ ಹಿಡಿದಿದ್ದೇನೆ. ಅವರೂ ಒಪ್ಪಿದರು" ಎಂದರು. ವೇದಿಕೆಯ ಮೇಲೆ ನನ್ನ ಕತ್ತರಿ ಎಲ್ಲಿಂದ ಬರಬೇಕು?

ಹೇಗಾದರೂ ಮಾಡಿ ಬೇಡ ಅನ್ನಿಸೋಣವೆಂದು ರಿವರ್‌ಸೈಡಿಗೆ ಹೋದೆ. ವಯಸ್ಸು, ಮಂಡಿ, ಆಯಾಸ ಎಂದು ಏನೇನೋ ಒದರಿದೆ. ಮೊರಾಗ್ ನಗುತ್ತಲೇ ಕೇಳಿದರು. ಆಮೇಲೆ ಸ್ವಲ್ಪ ಹತ್ತಿರ ಬಾಗಿ ಹೇಳಿದರು.

"ನಿನಗೊಂದು ಗುಟ್ಟು ಹೇಳುತ್ತೇನೆ ಶ್ರೀಧರ. ಸ್ವಲ್ಪ ದಿನದ ಹಿಂದೆ ನನಗೆ ಬಹಳ ಹೆದರಿಕೆಯಾಗಿತ್ತು. ಮಾತು ಸಿಗುತ್ತಿಲ್ಲ, ಹೆಸರು ಸಿಗುತ್ತಿಲ್ಲ. ನಿಮ್ಮ ಆಫೀಸಿನ ಪಕ್ಕದಲ್ಲೇ ಇರುವ ಡಾಕ್ಟರ ಹತ್ತಿರ ಸಮಯವನ್ನೂ ತೆಗೆದುಕೊಂಡಿದ್ದೆ. ಆದರೆ ದಿನಾ ಬೆಳಿಗ್ಗೆ ರೇಡಿಯೊ ಹಾಕಿ ಕೇಳುತ್ತೇನಲ್ಲ, ಆ ಹೆಂಗಸಿಗೆ ಏನೂ ಆಗಿಲ್ಲ! ಒಂದು ಮಾತೂ ತಪ್ಪುವುದಿಲ್ಲ. ಬರೀ ನನ್ನ ಭ್ರಮೆ ಅಂತ ಡಾಕ್ಟರಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ."

"ಯಾವಾಗ ಹೇಳಿದಿರಿ?"

"ಆರೇಳು ತಿಂಗಳಾಯಿತೇನೋ."

ನಾನು ಆಗಲೇ ಹೇಳಬೇಕಿತ್ತು. ನೀರು ಕುಡಿದು, ಏನೋ ನೆಪ ಹೇಳಿ ಎದ್ದು ಬಂದೆ. ಮೂರು ದಿನ ಜ್ವರ ಬಂದವನಂತೆ ಮನೆಯಲ್ಲಿ ಬಿದ್ದುಕೊಂಡೆ. ಕಾರ್ಖಾನೆ ಮಾಲೀಕರನ್ನು ಪೆದ್ದ ಎಂದು ನಕ್ಕವನು ನಾನು. ಈಗ ಮೊರಾಗ್ ತಮ್ಮ ತಲೆಯನ್ನೇ ನಂಬದೆ ನನ್ನ ರೇಡಿಯೊವನ್ನು ನಂಬಿದ್ದರು. ಕಾಯಿಲೆಯ ಹೆಂಗಸನ್ನು ಡಾಕ್ಟರ ಬಾಗಿಲಿನಿಂದ ವಾಪಸು ಕಳಿಸಿದವನು ನಾನೇ.

ಕೊನೆಗೆ ವಸುಧಾಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಉತ್ತರಪತ್ರಿಕೆ ಪಕ್ಕಕ್ಕಿಟ್ಟು ನನ್ನ ಎದುರಿಗೆ ಬಂದು ಕೂತಳು.

"ಹೇಗೆ ಹೇಳ್ಲಿ ವಸು? ಏನಂತ ಹೇಳ್ಲಿ?"

"ಹೇಳೋಕ್ ಹೋಗ್ಬೇಡಿ. ನೀವು ಹೇಳಿದ್ರೆ ಅದನ್ನೂ ನಯವಾಗಿ ಮಾಡಿ ಹೇಳ್ತೀರ. ಕತ್ತರಿಸದೆ ಇರೋದಿದ್ಯಲ್ಲ, ಅದನ್ನ ಕೇಳಿಸಿ."

"ತಡ್ಕೊಳ್ತಾರಾ?"

"ನೀವ್ ತಡ್ಕೊಳ್ತೀರಾ ಅಂತ ನೋಡ್ಕೊಳ್ಳಿ. ಅವ್ರು ಗಟ್ಟಿ ಹೆಂಗಸು."

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ, ನಾನು ಮಾಡಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, ಕೈ ಹಾಕದ ಒಂದು ಇಡೀ ಧ್ವನಿಮುದ್ರಣವನ್ನು ಮೊರಾಗ್ ಕಿವಿಗೆ ಕೊಟ್ಟೆ. ಅರ್ಧ ಗಂಟೆಯ ಕಂತು ಮೂಲದಲ್ಲಿ ಎಪ್ಪತ್ತು ನಿಮಿಷ ಇತ್ತು. ಅವರು ಎದ್ದು ಹೋಗಲಿಲ್ಲ, ನಿಲ್ಲಿಸು ಎನ್ನಲಿಲ್ಲ. ಬೆರಳುಗಳನ್ನು ಹೆಣೆದುಕೊಂಡು ಕೊನೆಯವರೆಗೆ ಕೇಳಿದರು. ನಾನು ಎದುರಿಗೆ ಕೂತು ನೆಲ ನೋಡುತ್ತಿದ್ದೆ.

ಹೆಡ್‌ಫೋನ್ ತೆಗೆದಿಟ್ಟು ಅವರು ಹೇಳಿದ್ದು ಇಷ್ಟು. "ಅದು ನನ್ನ ಹೆಸರಿಗೆ ಬಂದ ಕಾಗದ ಶ್ರೀಧರ. ನೀನು ಒಡೆದು ಓದಿ, ಹರಿದು ಹಾಕಿದೆ. ಎಂಟು ತಿಂಗಳು ದಿನಾ ಒಂದೊಂದು."

ನಾನು ಅತ್ತೆ. ಅವರು ಅಳಲಿಲ್ಲ, ನನಗೆ ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಡಾಕ್ಟರ ನಂಬರು ಎಲ್ಲೋ ಬರೆದಿಟ್ಟಿದ್ದೆ, ಹುಡುಕಿಕೊಡು" ಎಂದರು.

ಡಾಕ್ಟರು ಮೆದುಳಿನ ಚಿತ್ರ ತೆಗೆಸಿ, ಮಾತಿನ ಕಡೆಯಿಂದ ಶುರುವಾಗುವ ಮರೆವಿನ ಕಾಯಿಲೆ ಎಂದು ಹೇಳಿದರು. ಮುಂಚೆಯೇ ಬಂದಿದ್ದರೆ ವಾಸಿಯಾಗುತ್ತಿತ್ತೇ ಎಂದು ನಾನೇ ಕೇಳಿದೆ. ವಾಸಿಯಾಗುವ ಕಾಯಿಲೆಯಲ್ಲ, ಆದರೆ ಮಾತಿನ ಅಭ್ಯಾಸ ಆಗಲೇ ಶುರು ಮಾಡಬಹುದಿತ್ತು, ಬುದ್ಧಿ ಪೂರ್ತಿ ಕೈಯಲ್ಲಿದ್ದಾಗ ಮನೆ, ಊರು ಎಲ್ಲ ಸಾವಧಾನವಾಗಿ ತೀರ್ಮಾನಿಸಬಹುದಿತ್ತು ಎಂದರು. ಆ ಎಂಟು ತಿಂಗಳು ಮೊರಾಗ್ ಅವರದ್ದು, ಅವರ ಕೈಯಲ್ಲಿ ಇರಬೇಕಿತ್ತು.

ವಂಬುಯಿ ಹತ್ತಿರ ಹೋಗಿ ಒಪ್ಪಿಕೊಂಡೆ, ರಾಜೀನಾಮೆಯನ್ನೂ ಕೊಟ್ಟೆ. ಅವರು ಕಾಗದ ಓದಿ ಮಡಚಿಟ್ಟರು. "ನನ್ನ ಕೇಳುಗರಿಗೆ ನೀವು ಸುಳ್ಳು ಹೇಳಿದಿರಿ ಮ್ಜೇ. ಅದು ತಪ್ಪು. ಅದು ನನ್ನ ಅಮ್ಮನ ದನಿಯಾಗಿದ್ದರೆ ನಾನೂ ಏನು ಮಾಡುತ್ತಿದ್ದೆನೋ. ಪೋಲೆ, ನಿಮ್ಮ ನೋವಿಗೆ ನನಗೂ ಸಂಕಟವಿದೆ. ಮುಂದೇನು ಎಂಬುದನ್ನು ಮೊರಾಗ್ ಹೇಳಲಿ, ನೀವೂ ಬೇಡ, ನಾನೂ ಬೇಡ."

ಮೊರಾಗ್ ಹೇಳಿದರು. ವೇದಿಕೆ ಬೇಡ. ತಂಗಿ ಡಂಡೀಯಲ್ಲಿ ಇದ್ದಾಳೆ, ಅವಳ ಹತ್ತಿರ ಹೋಗುತ್ತೇನೆ. ಹೋಗುವ ಮುಂಚೆ ಒಂದೇ ಒಂದು ಕಂತು, ಸ್ಟುಡಿಯೊದಲ್ಲಿ, ನೇರಪ್ರಸಾರ. ಶ್ರೀಧರ ಗಾಜಿನಾಚೆ ಇರಬೇಕು. ಆದರೆ ಒಂದು ಷರತ್ತು, ನನಗೆ ಮಾತು ಸಿಗದಿದ್ದರೆ ಅವನು ಕಿವಿಯಲ್ಲಿ ಹೇಳಿಕೊಡಬಾರದು.

ಅವರು ಈಗ ತಂಗಿಯ ಮನೆಯಲ್ಲಿದ್ದಾರೆ. ತಿಂಗಳಿಗೆರಡು ಸಲ ಫೋನು ಮಾಡುತ್ತೇನೆ. ಕೆಲವೊಮ್ಮೆ ಮಾತಾಡುತ್ತಾರೆ, ಕೆಲವೊಮ್ಮೆ ತಂಗಿಯೇ ಮಾತಾಡುತ್ತಾರೆ. ನನ್ನನ್ನು ಕ್ಷಮಿಸಿದ್ದಾರೋ ಎಂದು ನಾನು ಕೇಳಿಲ್ಲ. ಅವರೂ ಹೇಳಿಲ್ಲ. ಮಕ್ಕಳೇ, ನಿಮ್ಮ ಕೈಗೆ ಈಗ ನನ್ನದಕ್ಕಿಂತ ನೂರು ಪಟ್ಟು ಚುರುಕಾದ ಕತ್ತರಿ ಬಂದಿದೆ. ಯಾರ ದನಿಯಲ್ಲಿ ಏನನ್ನು ಬೇಕಾದರೂ ಆಡಿಸಬಹುದಂತೆ. ಒಂದೇ ಕೇಳಿಕೊಳ್ಳುತ್ತೇನೆ. ಕತ್ತರಿಸುವ ಮುಂಚೆ, ಆ ದನಿ ಯಾರದ್ದೋ ಅವರಿಗೆ ಹೇಳಿ.

ಇನ್ನು ಆ ಕೊನೆಯ ಕಂತು. ಬೆಳಿಗ್ಗೆ ಮೊರಾಗ್ ಬಂದು ಕೂತರು. ಎಂದಿನಂತೆ ಕೈ ನಡುಗುತ್ತಿತ್ತು. ಕೆಂಪು ದೀಪ ಹತ್ತಿತು. ಮೊದಲ ಮಾತೇ ಕಾಯಿಲೆಯದ್ದು. ಮರೆಮಾಚದೆ, ಅಳು ತರಿಸದೆ ಹೇಳಿದರು. ಅಲ್ಲಲ್ಲಿ ಮಾತು ತಪ್ಪಿತು. ಹುಡುಕಿದರು, ಸಿಕ್ಕಿದ್ದನ್ನು ಹಿಡಿದುಕೊಂಡು ಮುಂದೆ ಹೋದರು. ನನ್ನ ಎಡಗೈ ಬಲಗೈಯನ್ನು ಹಿಡಿದುಕೊಂಡಿತ್ತು.

"ಇನ್ನೊಂದು ವಿಷಯ" ಎಂದರು. "ಎಂಟು ತಿಂಗಳಿಂದ ನೀವು ಕೇಳಿದ ಮೊರಾಗ್ ಪೂರ್ತಿ ನಾನಲ್ಲ. ನನಗೆ ಸಿಗದ ಮಾತುಗಳನ್ನೆಲ್ಲ ನನ್ನ ಹಳೆಯ ಮಾತುಗಳಿಂದ ತಂದು ಜೋಡಿಸಿದ್ದು ಗಾಜಿನಾಚೆ ಕೂತಿರುವ ಈ ಮನುಷ್ಯ. ಅವನು ಹಾಗೆ ಮಾಡಬಾರದಿತ್ತು. ನನಗೆ ತುಂಬಾ ಕೋಪ ಬಂದಿತ್ತು, ಇನ್ನೂ ಸ್ವಲ್ಪ ಇದೆ. ಆದರೆ ಹದಿನಾಲ್ಕು ವರ್ಷ ನನ್ನನ್ನು ಇವನಷ್ಟು ಗಮನವಿಟ್ಟು ಕೇಳಿದವರು ಬೇರೆ ಯಾರೂ ಇಲ್ಲ. ಇವನ ಹೆಸರು ನಿಮಗೆಲ್ಲ ಗೊತ್ತು. ಇವನ ಹೆಸರು..."

ನಿಲ್ಲಿಸಿದರು. ನನ್ನತ್ತ ನೋಡಿದರು. ಅದು ಅವರು ಬೇಕೆಂದು ಬಿಟ್ಟ ಮೌನವಲ್ಲ ಎಂದು ನನಗೆ ತಕ್ಷಣ ಗೊತ್ತಾಯಿತು. ಹೆಸರು ಹೋಗಿತ್ತು. ಕಣ್ಣಲ್ಲಿ ಗಾಬರಿ ಕಂಡಿತು. ನನ್ನ ಮುಂದೆ ಗುಂಡಿ ಇತ್ತು, ಒತ್ತಿ 'ಶ್ರೀಧರ' ಎಂದರೆ ಅವರ ಕಿವಿಗೊಬ್ಬರಿಗೇ ಕೇಳಿಸುತ್ತಿತ್ತು. ದೇವರೇ, ಎಷ್ಟು ಆಸೆಯಾಯಿತು. ನಾನು ಒತ್ತಲಿಲ್ಲ.

ಫೋನಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಮೊರಾಗ್ ದಿನಾ ನನ್ನನ್ನು ಗೇಲಿ ಮಾಡಿ ಮಾಡಿ ಊರಿಗೆಲ್ಲ ನನ್ನ ಹೆಸರು ಕಲಿಸಿದ್ದರಲ್ಲ. ಮೊದಲನೆಯ ಕರೆಯನ್ನು ನೇರ ಪ್ರಸಾರಕ್ಕೆ ಬಿಟ್ಟೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಟೀನಿನ ಹೆಂಗಸು, ಹಿಂದೆ ತಟ್ಟೆ ಲೋಟದ ಸದ್ದು. "ಮಾಮಾ," ಎಂದು ಅವಳು ಮೆಲ್ಲಗೆ ಹೇಳಿದಳು, "ಅವರ ಹೆಸರು ಶ್ರೀಧರ."

ಮೊರಾಗ್ ಕುರ್ಚಿಗೆ ಒರಗಿದರು. ಮುಖದ ಗಾಬರಿ ಇಳಿಯಿತು, ಒಂದು ಹುಬ್ಬು ಮೇಲೇರಿತು.

"ಗೊತ್ತಮ್ಮ ನನಗೆ" ಎಂದರು. "ಇವನು ಈ ಸಲವಾದರೂ ಬಾಯಿ ಮುಚ್ಚಿಕೊಂಡು ಇರುತ್ತಾನಾ ಅಂತ ನೋಡುತ್ತಿದ್ದೆ."

ಕ್ಯಾಂಟೀನಿನಲ್ಲಿ ತಟ್ಟೆ ಲೋಟಗಳ ಸದ್ದನ್ನೂ ಮೀರಿ ಜನ ನಕ್ಕಿದ್ದು ಫೋನಿನಲ್ಲಿ ಕೇಳಿಸಿತು. ಗಾಜಿನಾಚೆ ನಾನೂ ನಕ್ಕೆ, ಕನ್ನಡಕ ಒದ್ದೆಯಾಗುವಷ್ಟು ನಕ್ಕೆ. ಎಂಟು ತಿಂಗಳಲ್ಲಿ ನನ್ನ ಕೈ ತಗಲದ ಮೊದಲ ಜೋಕು ಅದು.